ಬಿ ಅಂದ್ರೆ ಬೇಗುನ್

ಜಾದವ್‌ಪುರ ದಾಟಿ ಲೋಕಲ್ ಟ್ರೇನಿನಲ್ಲಿ ನಾಲ್ಕು ಸ್ಟೇಷನ್ ಹೋದರೆ ಸಿಗುವ ನಮ್ಮ ಅಪಾರ್ಟ್‌ಮೆಂಟು ಎದ್ದಿದ್ದೇ ಹೊಲಗಳ ಮೇಲೆ. ಅದನ್ನು ಮರೆಯದಿದ್ದವರು ನಮ್ಮ ವಾಚ್‌ಮನ್ ಒಬ್ಬರೇ. ಕಾರು ಎಲ್ಲಿ ನಿಲ್ಲಿಸಲಿ ಎಂದು ಮೊದಲ ದಿನ ಕೇಳಿದಾಗ, "ಬೇಗುನ್ ಹೊಲದಲ್ಲಿ, ದಾದಾ" ಎಂದರು. ಬೇಗುನ್ ಎಂದರೆ ಬದನೆಕಾಯಿ ಎನ್ನುವಷ್ಟು ಬಂಗಾಳಿ ನನಗೆ ಬರುತ್ತಿತ್ತು. ಪೆದ್ದನಂತೆ ಕಾಂಪೌಂಡಿನ ಹೊರಗೆಲ್ಲ ಬದನೆ ಗಿಡ ಹುಡುಕಿ ಬಂದೆ.

ಅಪಾರ್ಟ್‌ಮೆಂಟಿನ ಸೆಕ್ರೆಟರಿಗೆ ಈ ಹೆಸರು ಕೇಳಿದರಾಗದು. "ಅದು ಬಿ ಪಾರ್ಕಿಂಗ್!" ಎಂದು ರೇಗುವರು. ವಾಚ್‌ಮನ್ ಬೂಟಿನ ತುದಿಯಿಂದ ಕಾಂಕ್ರೀಟು ತಟ್ಟಿ, "ಹೌದು ಸರ್, ಬಿ ಅಂದ್ರೆ ಬೇಗುನ್" ಎನ್ನುವರು.

ಒಂದು ಮಳೆಗಾಲದ ಬೆಳಿಗ್ಗೆ ಅಲ್ಲಿ ನೀರು ಕಾರುಗಳ ಬಾಗಿಲವರೆಗೆ ಏರಿತು. ಪಂಪು ಕೈಕೊಟ್ಟಿತು. ನಾವೆಲ್ಲ ಫೋನ್ ಹಿಡಿದು ಕೂಗಾಡುತ್ತಿದ್ದರೆ, ವಾಚ್‌ಮನ್ ಪ್ಯಾಂಟು ಮಡಚಿ ನೀರಿಗಿಳಿದು, ಹಿಂದಿನ ಗೋಡೆಯ ಬುಡವನ್ನು ಬಿದಿರುಕೋಲಿನಿಂದ ತಿವಿಯತೊಡಗಿದರು.

"ಹೊಲದ ನೀರು ಕೆರೆಗೆ ಹೋಗ್ತಿದ್ದದ್ದು ಇಲ್ಲಿಂದಲೇ."

ಕಲ್ಲುಮಣ್ಣು ತುಂಬಿ ಮುಚ್ಚಿಹೋಗಿದ್ದ ಹಳೆಯ ಮೋರಿ ಬಾಯಿ ತೆರೆಯಿತು. ಮಧ್ಯಾಹ್ನದ ಹೊತ್ತಿಗೆ ನೆಲ ಕಂಡಿತು.

ದುರ್ಗಾಪೂಜೆಗೆ ಮುಂಚೆ ಗೋಡೆಗಳಿಗೆ ಬಣ್ಣ ಹೊಡೆಸಿದಾಗ, ಸೆಕ್ರೆಟರಿ ತಾವೇ ನಿಂತು ಬಿ ಅಕ್ಷರದ ಪಕ್ಕ ಒಂದು ನೇರಳೆ ಬದನೆಕಾಯಿ ಬರೆಸಿದರು. ವಾಚ್‌ಮನ್ ತಲೆ ಓರೆ ಮಾಡಿ ಅದನ್ನೇ ನೋಡಿದರು.

"ನಮ್ಮದು ಇಷ್ಟು ಸಣಕಲು ಇರ್ಲಿಲ್ಲ ಸರ್. ದುಂಡಗಿತ್ತು."

ಹೊಲ ಅವರದೇ ಆಗಿತ್ತೆಂದು ನಮಗೆ ತಿಳಿದದ್ದು ಆಗಲೇ. ಸೆಕ್ರೆಟರಿ ಪೇಂಟರ್ ಕಡೆ ತಿರುಗಿದರು.

"ಅಳಿಸಪ್ಪ. ಇವರನ್ನು ಕೇಳಿಕೊಂಡು ಬರಿ."