ಹಳೇ ಬಾಗಿಲು

ವಿಮೆಯ ದುಡ್ಡಲ್ಲಿ ಕಾರಿಗೆ ಹೊಸ ಸಾಮಾನು ಹಾಕಿದರೆ ಹಳೇದು ವಿಮಾ ಕಂಪನಿಗೆ ಸೇರುತ್ತದೆಂದು ನನಗೆ ಮೊದಲು ಹೇಳಿದವರು ಹರಪನಹಳ್ಳಿಯ ಗ್ಯಾರೇಜಿನ ಮೇಸ್ತ್ರಿ. ಅಷ್ಟರಲ್ಲಿ ತಡವಾಗಿತ್ತು.

ಕಾರಿನ ಎಡಬಾಗಿಲು ನಜ್ಜುಗುಜ್ಜಾದಾಗ, "ಡೂಪ್ಲಿಕೇಟ್ ಬ್ಯಾಡ, ಒರಿಜಿನಲ್ಲೇ ಹಾಕ್ರಿ" ಎಂದು ಹಟ ಹಿಡಿದವನು ನಾನೇ. ಹಳೇದನ್ನು ನನಗೇ ಕೊಡುತ್ತಾರೆಂದು ತಿಳಿದಿದ್ದೆ. ಆ ಬಾಗಿಲಿನ ಒಳಮೈಗೆ ನನ್ನ ಮನೆಯಾಕೆ ಪ್ರತಿ ಸೋಮವಾರ ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಆ ಗೆರೆಗಳನ್ನು ನಾನು ಒರೆಸಿರಲಿಲ್ಲ.

"ಹಳೇ ಬಾಗಿಲು ಎಲ್ಲೈತ್ರಿ?" ಎಂದೆ.

"ನಿನ್ನೇನ ಗುಜರಿಗೆ ಹೋತ್ರಿ ಯಜಮಾನ್ರ. ಅದನ್ನ ಇಟ್ಕಂಡು ಏನ್ ಮಾಡ್ತಿದ್ರಿ?"

ಮನೆಗೆ ಬಂದು ಹೊಸ ಬಾಗಿಲಿಗೆ ನಾನೇ ವಿಭೂತಿ ಎಳೆದೆ. ಬಾಗಿಲೇನೋ ಒರಿಜಿನಲ್ಲು, ಗೆರೆ ಮಾತ್ರ ಡೂಪ್ಲಿಕೇಟು.

ಗ್ಯಾರೇಜಿಗೆ ಕಾರು ಬಿಡುವವರು ಸಿಕ್ಕರೆ ಇದನ್ನು ಹೇಳಿರಿ. ಬಿಡುವ ಮೊದಲು ಬಾಗಿಲನ್ನೊಮ್ಮೆ ಒಳಗಿನಿಂದ ನೋಡಲಿ.