ನಾಲ್ಕು ದಿನ ನಡೆದ ದೊಡ್ಡವ್ವ

ಮೊನ್ನೆ ಹಿರಿಯೂರಿನ ನಮ್ಮ ಆಫೀಸಿನಲ್ಲಿ ನನ್ನ ನಿವೃತ್ತಿಯ ದಿನ ಹೆಗಲಿಗೆ ಕರಿ ಕಂಬಳಿ ಹೊದಿಸಿದರು. ಹೊಸ ಕಂಬಳಿ, ಹುಣಸೆಬೀಜದ ಗಂಜಿಯ ವಾಸನೆ ಇನ್ನೂ ಆರಿರಲಿಲ್ಲ. ಯಲ್ಲದಕೆರೆಯಲ್ಲಿ ನಮ್ಮ ಎದುರುಮನೆಯ ದೊಡ್ಡವ್ವ ಕಂಬಳಿಗೆ ಹಾಕಲು ಆ ಗಂಜಿ ಕಾಯಿಸುತ್ತಿದ್ದರೆ ನಮ್ಮ ಸಾರಿನ ಘಮವೂ ಅದರಲ್ಲಿ ಮುಳುಗಿಹೋಗುತ್ತಿತ್ತು... ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ನನಗೆ ಹಳೆಯ ಸಿಟ್ಟು ಮತ್ತೆ ಏರಿತ್ತು.

ದೊಡ್ಡವ್ವ ನನಗೆ ನೆಂಟಳೇನಲ್ಲ, ಇಡೀ ಬೀದಿಗೇ ದೊಡ್ಡವ್ವ. ಗಂಡ ತೀರಿಹೋದ ಮೇಲೆ ಕುರಿ ಕಾಯುವ ಮಗ ಮತ್ತು ಸೊಸೆಯ ಜೊತೆ ಇದ್ದಳು. ಉಣ್ಣೆ ನೂಲುತ್ತ ಜಗಲಿಯ ಮೇಲೆ ಕುಳಿತಳೆಂದರೆ ಆಕೆಯ ಬಾಯಿಗೆ ಸಿಗದೆ ಯಾರೂ ದಾಟಿ ಹೋಗುವಂತಿರಲಿಲ್ಲ. ನಾನು ಬಸ್ಸಿಗೆ ಓಡುವಾಗ, "ಲೇ ಆಫೀಸಿನೋಳೇ, ಹಿಂಗೆ ಗಬ್ಬದೆಮ್ಮೆ ನಡೆದಂಗೆ ನಡೆದ್ರೆ ಬಸ್ಸು ನಿಂಗೆ ಕಾಯ್ತೈತೇನೇ?" ಎನ್ನುತ್ತಿದ್ದಳು. ಹಾಗನ್ನುವ ಹಕ್ಕು ಆಕೆಗಿತ್ತು. ಆಕೆಯ ಜೊತೆ ನಡೆದರೆ ನಮಗೇ ಏದುಸಿರು ಬರುತ್ತಿತ್ತು.

ಅಂಥವಳ ನಡಿಗೆ ಕೆಟ್ಟಿತು. ಹೊಸ್ತಿಲ ತನಕ ಬಂದವಳು ದಾಟಲಾರದೆ ಅಲ್ಲೇ ನಿಂತುಬಿಡುತ್ತಿದ್ದಳು. "ಕಾಲು ನೆಲಕ್ಕೆ ಅಂಟ್ಕಂಡಂಗೆ ಆಗ್ತೈತೆ ಕಣವ್ವ, ಕೀಳಾಕೇ ಆಗಲ್ಲ" ಎಂದು ನನ್ನ ಕೈ ಹಿಡಿದುಕೊಂಡಳು. ಆಮೇಲೆ ಮರೆವು ಬಂತು, ಒಲೆಯ ಮೇಲಿನ ಗಂಜಿ ಸೀದರೂ ತಿಳಿಯುತ್ತಿರಲಿಲ್ಲ. ಅದರ ಹಿಂದೆಯೇ ಸೀರೆಯಲ್ಲಿ ಉಚ್ಚೆ ಹೋಗತೊಡಗಿತು. ಸೊಸೆ ಹಾಸಿಗೆಯನ್ನು ಜಗಲಿಗೆ ತಂದು ಹಾಕಿದಳು. ಉಚ್ಚೆ ಕಡಿಮೆಯಾಗಲೆಂದು ಕುಡಿಯುವ ನೀರನ್ನೇ ಕಡಿಮೆ ಮಾಡಿದಳು. ಇದೇನೆಂದು ಕೇಳಿದರೆ, "ಅರವತ್ತು ದಾಟೈತಲ್ಲಕ್ಕ, ಅರಳು ಮರಳು" ಎಂದಳು. ನಾವು ತೋರಿಸಿದ ಡಾಕ್ಟರೂ ಅದನ್ನೇ ಹೇಳಿ ಒಂದು ಟಾನಿಕ್ ಬರೆದು ಕಳಿಸಿದ. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ! ಈ ಗಾದೆ ಸುಳ್ಳು. ಈಗ ನನಗೂ ಅರವತ್ತು, ಯಾರಾದರೂ ನನ್ನೆದುರು ಅದನ್ನು ಹೇಳಿ ನೋಡಲಿ.

ಕೊನೆಗೆ ನಾನೇ ಜಗಳವಾಡಿ, ಮಗನನ್ನೂ ಹೊರಡಿಸಿ, ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿ, ಚಿತ್ರ ಹಿಡಿದು ನಿಧಾನವಾಗಿ ತಿಳಿಸಿ ಹೇಳಿದರು. ಎಲ್ಲರ ಮಿದುಳಿನೊಳಗೂ ಕೋಣೆಗಳಿರುತ್ತವೆ. ಅಲ್ಲಿ ತಿಳಿನೀರಿನಂಥ ದ್ರವ ಹುಟ್ಟುತ್ತಲೇ ಇರುತ್ತದೆ. ಮಿದುಳು, ಬೆನ್ನುಹುರಿಗಳ ಸುತ್ತ ಹರಿದು, ಅವಕ್ಕೆ ಪೆಟ್ಟು ತಗಲದಂತೆ ಕಾದು, ಕೊನೆಗೆ ರಕ್ತಕ್ಕೆ ಸೇರಿಹೋಗುತ್ತದೆ. ದೊಡ್ಡವ್ವನಿಗೆ ಅದು ಸರಿಯಾಗಿ ಹೊರಹೋಗುತ್ತಿರಲಿಲ್ಲ. ಕೋಣೆಗಳು ಹಿಗ್ಗಿ ಮಿದುಳನ್ನು ಒತ್ತುತ್ತಿದ್ದವು. ಕಾಲು, ಮರೆವು, ಉಚ್ಚೆ ಮೂರಕ್ಕೂ ಅದೇ ಕಾರಣ ಇರಬಹುದು ಎಂದರು. ಬೆನ್ನಿಗೆ ಸೂಜಿ ಹಾಕಿ ಸ್ವಲ್ಪ ನೀರು ತೆಗೆದು ನೋಡುವುದು, ನಡಿಗೆ ಸುಧಾರಿಸಿದರೆ ತಲೆಯಿಂದ ಹೊಟ್ಟೆಗೆ ಆ ನೀರು ಹರಿದುಹೋಗಲು ಚರ್ಮದೊಳಗೇ ಸಣ್ಣ ಕೊಳವೆ ಇಡುವುದು ಎಂದರು. "ಸೂಜಿಯ ಗುಣ ನಾಲ್ಕು ದಿನ ಅಷ್ಟೇ. ನೀರು ಮತ್ತೆ ತುಂಬುತ್ತೆ. ಆಪರೇಷನ್‌ಗೆ ತಪ್ಪದೆ ಕರ್ಕೊಂಡು ಬನ್ನಿ" ಎಂದು ಮಗನಿಗೆ ಒತ್ತಿ ಹೇಳಿದರು.

ನೀರು ತೆಗೆದರು. ದೊಡ್ಡವ್ವ ನಡೆದಳು! ಬಸ್ಸಿಳಿದವಳೇ ನನ್ನ ಕೈ ಕೊಡವಿ ಮನೆಯ ತನಕ ತಾನಾಗಿ ನಡೆದಳು. ನನಗೆ ಖುಷಿಯಿಂದ ಅಳು ಬಂತು. ಬೀದಿಯ ಹೆಂಗಸೊಬ್ಬಳು, "ಅಯ್ಯೋ ಇವಳ, ಇಷ್ಟು ದಿನ ನಾಟಕ ಆಡ್ತಿದ್ಲಾ ಮುದುಕಿ?" ಎಂದಳು. ಎಲ್ಲರೂ ನಕ್ಕರು. ಸೊಸೆ ನಗಲಿಲ್ಲ. ತಾನು ಒಗೆದ ಸೀರೆಗಳೆಲ್ಲ ನೆನಪಾಗಿರಬೇಕು. "ಒಂದು ಸೂಜಿಗೆ ಹೋಗೋ ರೋಗ ಎಲ್ಲಾರ ಐತಾ?" ಎಂದು ಒಳಗೆ ಹೋದಳು.

ಆಪರೇಷನ್ ದಿನ ಹತ್ತಿರ ಬಂದಾಗ ಮಗ ತಲೆಯಾಡಿಸಿದ. "ನಡೀತಾಳಲ್ಲಕ್ಕ, ಇನ್ಯಾಕೆ ತಲೆ ಕೊರ್ಸಾದು?" ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. "ನಿಮ್ಮವ್ವನ ತಲೆ ಆಗಿದ್ರೆ ಕೊರ್ಸ್ತಿದ್ರೇನ್ರಿ?" ಎಂದ. "ಹೂಂ, ಕೊರೆಸ್ತಿದ್ದೆ" ಎಂದೆ. ಅವನು ಕುರಿ ಹೊಡೆದುಕೊಂಡು ಹೊರಟುಹೋದ. ಮಂದೆಯಲ್ಲಿ ಒಂದು ಕುರಿ ನಿಂತಲ್ಲೇ ಸುತ್ತತೊಡಗಿದರೆ, "ಇದರ ತಲ್ಯಾಗೆ ನೀರುಗುಳ್ಳೆ ಆಗೈತೆ" ಎಂದು ಹೆಗಲ ಮೇಲೆ ಹೊತ್ತು ಪಶು ಆಸ್ಪತ್ರೆಗೆ ಓಡುತ್ತಿದ್ದವನು ಇವನೇ. ಕುರಿಯ ತಲೆಯಲ್ಲಿ ನೀರಿರಬಹುದು, ಹೆತ್ತವಳ ತಲೆಯಲ್ಲಿ ಇರಬಾರದಂತೆ!

ಡಾಕ್ಟರಮ್ಮ ಹೇಳಿದಂತೆಯೇ ಕಾಲು ಮತ್ತೆ ನೆಲಕ್ಕೆ ಅಂಟಿತು. ಈ ಸಲ ಯಾರಿಗೂ ಅಯ್ಯೋ ಪಾಪ ಎನಿಸಲಿಲ್ಲ. "ಮೊನ್ನೆ ನಡೆದ್ಯಲ್ಲ, ಇವತ್ತೇನು ದೊಡ್ರೋಗ ಬಂತು?" ಎಂದು ಸೊಸೆ ರಟ್ಟೆ ಹಿಡಿದು ಎಳೆಯುತ್ತಿದ್ದಳು. ಕಾಯಿಲೆ ವಾಸಿಯಾಗುತ್ತದೆ ಎಂದು ತೋರಿಸಿಕೊಟ್ಟ ಆ ನಾಲ್ಕು ದಿನಗಳೇ ಆಕೆ ಸುಳ್ಳುಗಾತಿ ಎನ್ನುವುದಕ್ಕೆ ಸಾಕ್ಷಿಯಾದವು. "ನಾನು ಬೇಕಂತ ಮಾಡ್ತಿಲ್ಲ ಕಣವ್ವ, ನೀನಾರ ಹೇಳು" ಎಂದು ದೊಡ್ಡವ್ವ ನನ್ನ ಸೆರಗು ಹಿಡಿದಳು. ಹೇಳಿದೆ, ಬೀದಿಗೆಲ್ಲ ಕೇಳುವಂತೆ ಅರಚಿ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಒಂದು ದಿನ ಹೀಗೇ ಎಳೆದಾಡುವಾಗ ಜಗಲಿಯಿಂದ ಬಿದ್ದು ಸೊಂಟ ಮುರಿಯಿತು. ಮಲಗಿದವಳು ಮತ್ತೆ ಏಳಲಿಲ್ಲ...

ಆಕೆ ಹೋಗಿ ವರ್ಷಗಳಾದವು. ಈಗಲೂ ಆ ಮಗ ಬಂದವರ ಹತ್ತಿರ, "ನಮ್ಮವ್ವಂಗೆ ರೋಗ ಗೀಗ ಏನೂ ಇರ್ಲಿಲ್ಲ ಕಣ್ರಿ, ವಯಸ್ಸಾಗಿತ್ತು" ಎಂದು ಹೆಮ್ಮೆಯಿಂದ ಹೇಳುತ್ತಾನೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಆ ಮನೆಯಲ್ಲಿ ನಾನು ಇವತ್ತಿಗೂ ಒಂದು ಲೋಟ ನೀರು ಮುಟ್ಟಿಲ್ಲ. ನನ್ನನ್ನು ಲೇ ಎಂದು ಗದರಿಸುವವರು ನಮ್ಮ ಬೀದಿಯಲ್ಲಿ ಈಗ ಯಾರೂ ಇಲ್ಲ. ಕೊನೆಯ ಸಲ ಪಕ್ಕದಲ್ಲಿ ಕುಳಿತಾಗ ಆಕೆಗೆ ನನ್ನ ಗುರುತೂ ಸಿಕ್ಕಿರಲಿಲ್ಲ. ಏನಾದರೂ ಮಾತಾಡಿಸಬೇಕಲ್ಲ ಎಂದು, "ಕಾಲು ಹೆಂಗೈತೆ ದೊಡ್ಡವ್ವ?" ಎಂದೆ. ಒಳಗಿನವರಿಗೆ ಕೇಳಿಸದಂತೆ ದನಿ ತಗ್ಗಿಸಿ ಹೇಳಿದಳು:

"ಕಾಲು ಚೆನ್ನಾಗೈತಂತೆ ಕಣವ್ವ. ನಾನೇ ನಾಟಕ ಆಡ್ತಿದ್ದೀನಂತೆ."