ಬೊಂಗ್‌ಸುನ್ ಅಕ್ಕನ ಎಡಗೈ

ಕೊರಿಯಾದ ಛಂಗ್‌ಜು ಊರಿನ ನಮ್ಮ ಪ್ರಯೋಗಾಲಯದಲ್ಲಿ ಥಾಕ್ ಬೊಂಗ್‌ಸುನ್ ಅಕ್ಕನ ಎಡಗೈಯೇ ಮೀಟರು. ಕರೆಂಟು ಅಳೆಯುವ ಅಸಲಿ ಮೀಟರು ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಹತ್ತೊಂಬತ್ತು ವರ್ಷದಿಂದ ಇಲಿಗಳ ಪೆಟ್ಟಿಗೆಗಳನ್ನು ಒರೆಸಿ ಸಜ್ಜು ಮಾಡುತ್ತಿದ್ದವಳು ಅವಳು. ಗಡಿಯಾರ ಹಿಡಿದು ಸೆಕೆಂಡು ಎಣಿಸುವವಳು ನಾನು.

ಪೆಟ್ಟಿಗೆಯಲ್ಲಿ ಎರಡು ಕೋಣೆ. ಒಂದರಲ್ಲಿ ಬೆಳಕು, ಇನ್ನೊಂದರಲ್ಲಿ ಕತ್ತಲೆ, ನಡುವೆ ಪುಟ್ಟ ಬಾಗಿಲು. ಇಲಿಗೆ ಕತ್ತಲೆಯೇ ಇಷ್ಟ, ಒಳಗೆ ನುಗ್ಗುತ್ತದೆ. ಬಾಗಿಲು ಮುಚ್ಚಿಕೊಳ್ಳುತ್ತದೆ, ಹೊರಗಿನಿಂದ ಕಾಣದ ಆ ಕತ್ತಲೆಯಲ್ಲಿ ನೆಲದ ಉಕ್ಕಿನ ಸರಳುಗಳಿಂದ ಕಾಲಿಗೆ ಚುರುಕ್ಕೆಂದು ಕರೆಂಟು ಹೊಡೆಯುತ್ತದೆ. ಮರುದಿನ ಅದನ್ನೇ ಬೆಳಕಿನ ಕೋಣೆಗೆ ಬಿಟ್ಟರೆ, ನೆನಪಿರುವ ಇಲಿ ಬಾಗಿಲ ಬಳಿಯೇ ಅನುಮಾನಿಸುತ್ತ ನಿಲ್ಲುತ್ತದೆ. ಮರೆತದ್ದು ಮತ್ತೆ ಒಳಗೆ ಹೋಗುತ್ತದೆ. ನೆನಪಿನ ಔಷಧಿಗಳನ್ನು ನಾವು ಪರೀಕ್ಷಿಸುವುದು ಹೀಗೆ.

ಪ್ರತಿ ಬೆಳಿಗ್ಗೆ ಮೊದಲ ಇಲಿಗಿಂತ ಮುಂಚೆ ಅಕ್ಕ ಸರಳುಗಳ ಮೇಲೆ ಎಡಗೈಯ ಮೂರು ಬೆರಳಿಟ್ಟು, ಬಲಗೈಯಲ್ಲಿ ಗುಂಡಿ ಒತ್ತುವಳು. ಗುಂಡಿ ಟಕ್ ಎನ್ನುತ್ತಿತ್ತು, ಕೈ ಹಾರುತ್ತಿತ್ತು, ಸರಿಯಾಗಿದೆ ಎಂದು ಪುಸ್ತಕದಲ್ಲಿ ಸಹಿ ಬೀಳುತ್ತಿತ್ತು. ಮೀಟರು ಇದೆಯಲ್ಲ ಎಂದು ನಾನೊಮ್ಮೆ ಕೇಳಿದ್ದೆ.

"ರುಚಿ ನೋಡ್ದೆ ಬಡಿಸೋ ಅಭ್ಯಾಸ ನಂಗಿಲ್ಲ ಕಣೇ," ಅಂದಿದ್ದಳು.

ಈ ವಸಂತದಲ್ಲಿ ಎಲ್ಲ ಎಡವಟ್ಟಾಯಿತು. ಔಷಧಿ ಕುಡಿದವೂ, ಬರೀ ನೀರು ಕುಡಿದವೂ, ಒಟ್ಟು ಇಪ್ಪತ್ತನಾಲ್ಕು ಇಲಿಗಳೂ ಮರುದಿನ ಮಾವನ ಮನೆಗೆ ಹೋಗುವಂತೆ ಕತ್ತಲೆಗೆ ಹೋದವು. ನಮ್ಮ ಮುಖ್ಯಸ್ಥರಾದ, ನೋ ಎಂಬ ಹೆಸರಿನ ಡಾಕ್ಟರು ಮೊದಲು ಇಲಿಯ ತಳಿಯನ್ನು ಬೈದರು, ಆಮೇಲೆ ಮೇವನ್ನು, ಆಮೇಲೆ ಪಕ್ಕದ ಕಟ್ಟಡದ ಸದ್ದನ್ನು. ಮಿದುಳು ನೋಡೋಣವೆಂದು ಇಪ್ಪತ್ತನಾಲ್ಕನ್ನೂ ಕೊಂದೆವು. ಅಲ್ಲೂ ಏನೂ ಸಿಗಲಿಲ್ಲ. ಪೆಟ್ಟಿಗೆಯ ಮೇಲೆ ಮಾತ್ರ ಯಾರಿಗೂ ಅನುಮಾನವಿಲ್ಲ. ಅಕ್ಕನ ಸಹಿ ಇತ್ತಲ್ಲ.

ಅಕ್ಕನಿಗೆ ಆ ತಿಂಗಳು ಅರವತ್ತು ತುಂಬುತ್ತಿತ್ತು, ನಿವೃತ್ತಿಯ ವಯಸ್ಸು. ಇನ್ನೊಂದು ವರ್ಷ ಇಟ್ಟುಕೊಳ್ಳಿ ಎಂದು ಕೇಳಿಕೊಂಡಿದ್ದಳು, ಡಾಕ್ಟರು ಶುಕ್ರವಾರ ಹೇಳುತ್ತೇನೆ ಎಂದಿದ್ದರು. ಪೆಟ್ಟಿಗೆ ಕೆಟ್ಟಿದೆ ಎಂದರೆ ಅವಳ ಕೈ ಕೆಟ್ಟಿದೆ ಎಂದ ಹಾಗೆ.

ಗುರುವಾರ ಬೆಳಿಗ್ಗೆ, ಕೊನೆಗೂ ಅನುಮಾನ ಬಂದು, ನಾನೊಂದು ಕೆಟ್ಟ ಕೆಲಸ ಮಾಡಿದೆ. ಸರಳುಗಳಿಗೆ ಹೋಗುವ ತಂತಿಯನ್ನು ಪೆಟ್ಟಿಗೆಯ ಹಿಂದಿನಿಂದ ಕಿತ್ತು ಕೈಯಲ್ಲಿ ಮರೆಮಾಡಿ ಹಿಡಿದು, ಅಕ್ಕನನ್ನು ಕರೆದೆ. ಅವಳು ಬೆರಳಿಟ್ಟು ಗುಂಡಿ ಒತ್ತಿದಳು. ಟಕ್. ಕೈ ಹಾರಿತು.

"ಚೆನ್ನಾಗೇ ಹೊಡೀತಿದೆ," ಅಂದಳು.

ನಾನು ತಂತಿ ತೋರಿಸಿದೆ. ಅವಳು ತಂತಿಯನ್ನೂ ತನ್ನ ಬೆರಳನ್ನೂ ಸರದಿಯಂತೆ ನೋಡಿದಳು. ನನಗೆ ನಾಚಿಕೆಯಾಯಿತು.

"ಹಂಗಾದ್ರೆ ಈಗ ಚುರುಕ್ ಅಂದಿದ್ದೇನು?"

ಆ ತಂತಿಯನ್ನು ಸುಲಿದು ನೋಡಿದರೆ ಒಳಗೆ ಯಾವತ್ತೋ ಕಡಿದುಹೋಗಿತ್ತು. ಇಲಿಗಳು ಏನನ್ನೂ ಮರೆತಿರಲಿಲ್ಲ, ನೆನಪಿಡುವುದಕ್ಕೆ ಅವಕ್ಕೆ ಏನೂ ಆಗಿರಲೇ ಇಲ್ಲ.

ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು, ಅವಳೂ ಇರಬಹುದಿತ್ತು. ಅವಳೇ ಹೋಗಿ ಡಾಕ್ಟರಿಗೆ ಹೇಳಿದಳು. ಅವರು, ಈ ಕಟ್ಟಡದಲ್ಲಿ ಪೆಟ್ಟಿಗೆಯ ಪಾಠ ಸರಿಯಾಗಿ ಕಲಿತವರು ನೀವೊಬ್ಬರೇ ಎಂದು ನಕ್ಕರಂತೆ. ಒಂದು ವರ್ಷ ಕೊಟ್ಟರು, ಇನ್ನು ಮೇಲೆ ಮೀಟರಿನಲ್ಲೇ ನೋಡಬೇಕು ಎಂಬ ಷರತ್ತಿನ ಮೇಲೆ. ಅವಳು ನಗಲಿಲ್ಲ.

ಮರುವಾರ ಅಂಗಳದ ಸ್ಮಾರಕದ ಕಲ್ಲಿನ ಮುಂದೆ, ವರ್ಷವಿಡೀ ಪ್ರಯೋಗಗಳಲ್ಲಿ ಸತ್ತ ಪ್ರಾಣಿಗಳಿಗಾಗಿ ನಾವು ಮಾಡುವ ಪೂಜೆ ಇತ್ತು. ಸೇಬು, ಕ್ಯಾರೆಟ್ಟು, ಇಲಿಯ ಮೇವು ಇಟ್ಟು ಎಲ್ಲರೂ ಬಾಗಿ ಎದ್ದರು. ಅಕ್ಕ ಏಳಲು ತಡಮಾಡಿದಳು. ಆ ಇಪ್ಪತ್ತನಾಲ್ಕಕ್ಕೆ ಏನೆಂದು ಹೇಳಿಕೊಳ್ಳಬೇಕೋ ತಿಳಿಯಲಿಲ್ಲ ಎಂದಳು ಆಮೇಲೆ.

ಹೊಸ ತಂತಿ ಬಂತು. ಮೀಟರು ಸರಿಯಾಗಿಯೇ ತೋರಿಸಿತು. ಆದರೂ ಅಕ್ಕ ಸರಳುಗಳ ಮೇಲೆ ಬೆರಳಿಟ್ಟು, ಕೈ ಹಾರದ ಹಾಗೆ ಮಣಿಕಟ್ಟನ್ನು ಗಟ್ಟಿಯಾಗಿ ಅದುಮಿ ಹಿಡಿ ಎಂದು ನನಗೆ ಹೇಳಿದಳು. ಹಿಡಿದೆ. ಟಕ್ ಎಂದಿತು, ನನ್ನ ಹಿಡಿತದಲ್ಲಿ ಅವಳ ಕೈ ಕೊಸರಾಡಿತು. ಬಿಟ್ಟ ಮೇಲೆ ಬೆರಳುಗಳನ್ನು ತುಂಬ ಹೊತ್ತು ನೋಡಿಕೊಂಡಳು.

"ಇಷ್ಟೇನಾ? ತಂತಿ ಕಡಿದಿದ್ದಾಗ ಇದಕ್ಕಿಂತ ಜೋರಾಗಿ ಹೊಡೀತಿತ್ತಲ್ಲೇ."